ಬಿಳಿ ಹಿನ್ನೆಲೆ

ನಮ್ಮ ಕಸುಬಿನಲ್ಲಿ ಆಕಾಶಕ್ಕೆ ಜಾಗವಿಲ್ಲ.
ಕಿವಿ ಕಾಣಬೇಕು, ಹಲ್ಲು ಕಾಣಬಾರದು,
ಬೆನ್ನ ಹಿಂದೆ ಅಚ್ಚ ಬಿಳಿ.
ಮೂವತ್ತೈದಕ್ಕೆ ನಲವತ್ತೈದು ಮಿಲಿಮೀಟರಿನಲ್ಲಿ
ಮನುಷ್ಯ ಯಾವ ಊರಲ್ಲಿ ನಿಂತಿದ್ದ ಎಂಬ
ಗುಟ್ಟು ಬಿಟ್ಟುಕೊಡಬಾರದು.
ಲಿಂಗರಾಜಪುರದ ಮೇಲ್ಸೇತುವೆಯ ಬುಡದಲ್ಲಿ
ಅಪ್ಪನ ಕಾಲದಿಂದ ಇದೇ ಅಂಗಡಿ, ಇದೇ ಸ್ಟೂಲು,
ಒಗೆದೊಗೆದು ಹಳದಿಗೆ ತಿರುಗಿದ ಇದೇ ಪರದೆ;
ಅದನ್ನೂ ಕಂಪ್ಯೂಟರಿನಲ್ಲಿ ಬಿಳಿ ಮಾಡುತ್ತೇನೆ.

ಹಿಬಾ ಬಂದದ್ದು ಹೋದ ಆಷಾಢದಲ್ಲಿ,
ಗಾಳಿ ಬೋರ್ಡನ್ನು ಪಟಪಟ ಬಡಿಯುತ್ತಿದ್ದ ಸಂಜೆ.
ಹೆಣ್ಣೂರು ರಸ್ತೆಯ ಕಾಲೇಜಿನಲ್ಲಿ ಫಾರ್ಮಸಿ ಓದು,
ಊರು ಸುಡಾನಿನ ಒಮ್ದುರ್ಮಾನ್,
ನಾನು ಮೂರು ಸಲ ಕೇಳಿ ಬರೆದುಕೊಂಡ ಹೆಸರು.
ಪೆನ್‌ಡ್ರೈವಿನಲ್ಲಿ ನಲವತ್ತೊಂದು ಫೋಟೋ.
ಒಂದರಲ್ಲೂ ಮನುಷ್ಯರಿಲ್ಲ.

ಬರೀ ಆಕಾಶ.
ಸಿಂಟೆಕ್ಸ್ ಟ್ಯಾಂಕಿನ ಮೇಲೆ ಕೂತದ್ದು,
ಹೊರಮಾವಿನ ರೈಲು ಗೇಟಿನಲ್ಲಿ ಕಾಯುತ್ತ ನಿಂತದ್ದು,
ಮಳೆ ಬಿಟ್ಟ ಮೇಲೆ ಹೆಬ್ಬಾಳದ ನೀರಲ್ಲಿ ತಲೆಕೆಳಗಾದದ್ದು.
ಒಂದರಲ್ಲಿ ಹದ್ದು, ಇನ್ನೊಂದರಲ್ಲಿ ವಿಮಾನ,
ಎರಡೂ ಒಂದೇ ಗಾತ್ರ.
ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯಲ್ಲಿ,
ಇನ್ನೂ ಗೋಡೆ ಏಳದ ಕೋಣೆಯೊಳಗೆ
ಮುಂಗಡ ಕೊಡದೆ ಬಂದು ಕೂತ ಸೂರ್ಯ.

"ಈ ತಂತಿ ಅಳಿಸಲಾ?" ಅಂದೆ,
ನನಗೆ ಗೊತ್ತಿರುವ ಔದಾರ್ಯ ಅದೊಂದೇ.
"ಬೇಡ ಅಕ್ಕಾ. ಆ ತಂತಿ ನನ್ನ ರೂಮಿಗೆ ಬರೋದು."

ಅಮ್ಮ ಇರುವಲ್ಲಿ ಈಗ ಕರೆಂಟಿಲ್ಲ, ನೆಟ್‌ವರ್ಕಿಲ್ಲ.
ಯಾರೋ ಪರಿಚಯದವರು ಹೊರಟಿದ್ದಾರೆ,
ಕವರೊಂದನ್ನು ಕೈಯಿಂದ ಕೈಗೆ ದಾಟಿಸುತ್ತಾರಂತೆ.
ನಿನ್ನ ಮುಖದ ಫೋಟೋ ಕಳಿಸಬಾರದೇ ಅಂದರೆ ನಕ್ಕಳು:
ಮುಖ ನೋಡಿದರೆ ಬಡವಾಗಿದ್ದೀಯ ಅಂತ ಅಳುತ್ತಾಳೆ,
ಆಕಾಶ ನೋಡಿದರೆ
ಇದರ ಕೆಳಗೆಲ್ಲೋ ಇದ್ದಾಳೆ ಅಂದುಕೊಳ್ಳುತ್ತಾಳೆ.

ನಾನು ಕೂತ ಹನ್ನೆರಡು ವರ್ಷದಲ್ಲಿ
ಮೊದಲು ಮುಗಿಯುತ್ತಿದ್ದುದು ಕಪ್ಪು ಶಾಯಿ,
ಎಲ್ಲರಿಗೂ ತಲೆಗೂದಲಿರುತ್ತದಲ್ಲ.
ಆ ವಾರ ನೀಲಿ ಮುಗಿಯಿತು, ಹಿಂದೆಯೇ ಗುಲಾಬಿ.
ಎಸ್.ಪಿ. ರಸ್ತೆಯ ಅಂಗಡಿಯವನು ಕೇಳಿದ:
ಮದುವೆ ಆರ್ಡರ್ ಸಿಕ್ಕಿತಾ ಮೇಡಂ?

ಪ್ರತಿಯೊಂದರ ಬೆನ್ನಿಗೂ ಕನ್ನಡದಲ್ಲೇ ಬರೆಯಬೇಕಂತೆ.
ಅಮ್ಮನಿಗೆ ಓದಲು ಬರುವುದಿಲ್ಲವಲ್ಲ?
"ದುಂಡಗಿದೆ, ಅವಳಿಗೆ ಇಷ್ಟ ಆಗುತ್ತೆ."
ಬರೆದೆ, ನಲವತ್ತೊಂದು ಸಲ:
ಜಾಗ, ಹೊತ್ತು, ಒಂದರಲ್ಲಿ ಸುಮ್ಮನೆ
ಜಿಟಿಜಿಟಿ ಮಳೆ.

ಒಂದು ಹಾಳೆ ಕೆಟ್ಟಿತು, ಸಂಜೆಗೆಂಪಿನ ನಡುವೆ ಹಸಿರು ಗೀರು.
ಎಸೆಯಲು ಮನಸ್ಸಾಗದೆ ಕೌಂಟರಿನ ಗಾಜಿನಡಿ ಇಟ್ಟೆ.
ಆಧಾರ್ ಜೆರಾಕ್ಸಿಗೆ ಬಂದವರು ಬಗ್ಗಿ ನೋಡುತ್ತಾರೆ,
ಯಾವ ದೇಶ ಇದು?
ಹೊರಮಾವು ಅಂದರೆ ನಂಬುವುದಿಲ್ಲ.
ಅಲ್ಲೇ ಹುಟ್ಟಿದ ನನಗೂ
ನಂಬಲು ಎರಡು ದಿನ ಬೇಕಾಯಿತು.

ಈ ಮಾರ್ಚಿನಲ್ಲಿ ಮತ್ತೆ ಬಂದಳು, ವೀಸಾ ಕೆಲಸಕ್ಕೆ.
ಕವರು ತಲುಪಿತಾ ಅಂತ ಕೇಳಲು ಬಾಯಿ ಬರಲಿಲ್ಲ,
ಅವಳೂ ಹೇಳಲಿಲ್ಲ.
ಸ್ಟೂಲಿನ ಮೇಲೆ ಕೂರಿಸಿದೆ. ಗಲ್ಲ ಸ್ವಲ್ಪ ಕೆಳಗೆ.
ಕಣ್ಣು ಇಲ್ಲಿ, ಸೂರಿನ ಕಡೆ ಅಲ್ಲ.
ಹಿಂದಿನದೆಲ್ಲ ಅಳಿಸಿದೆ.

ನಾಲ್ಕಕ್ಕೆ ಆರರ ಹಾಳೆಯಲ್ಲಿ ಎಂಟು ಮುಖ ಕೂರಿಸಿದರೆ
ಅಂಚಿಗೆ ಬೆರಳಗಲದ ಪಟ್ಟಿ ಉಳಿಯುತ್ತದೆ,
ಕತ್ತರಿಸಿ ಬಿಸಾಡುವಂಥದ್ದು.
ಎದ್ದು ಬಾಗಿಲಿಗೆ ಹೋಗಿ, ಸೇತುವೆಯ ಅಂಚು ಬಿದ್ದರೂ ಬೀಳಲಿ ಅಂತ
ಫೋನಿನಲ್ಲಿ ಒಂದು ಹಿಡಿದು ತಂದು ಅಲ್ಲಿ ತುಂಬಿದೆ.
ಎಂಟಕ್ಕೆ ಎಂಬತ್ತು ರೂಪಾಯಿ.

ಪಟ್ಟಿಯಿಂದ ಉಗುರಗಲದ ತುಂಡು ತಾನೇ ಕತ್ತರಿಸಿಕೊಂಡಳು,
ತಿರುಗಿಸಿ ನನ್ನತ್ತ ಚಾಚಿದಳು:
"ಬರೀರಿ ಅಕ್ಕಾ."
ಲಿಂಗರಾಜಪುರ ಅದರಲ್ಲಿ ಹಿಡಿಸಲಿಲ್ಲ.
ಇಲ್ಲಿ, ಅಂತ ಬರೆದೆ.